ಕೆಂಪು ಪಾತಿಗೆ ಸಿಹಿನೀರು

ಗುಬ್ಬೀ,

ಇವತ್ತು ನನ್ನ ವಾರದ ಉಪವಾಸ. ಬೆಳಿಗ್ಗೆ ಎದ್ದು, ಗಾಳಿ ತಂದು ಹೊಸ್ತಿಲ ಮೇಲೆ ಸುರಿದ ಉಪ್ಪಿನ ಪುಡಿ ಗುಡಿಸಿದೆ. ಮಿಂದು ದೀಪ ಹಚ್ಚಿದೆ. ಒಂದು ಲೋಟ ನೀರು ಕುಡಿದು ಉಪ್ಪಿನ ಪಾತಿಗಳ ಕಡೆ ಹೋಗಿ, ಮೇಲಿನ ತೂಬುಗಳ ಹಲಗೆ ಎತ್ತಿ, ಕೆಳಗಿನದನ್ನು ಮುಚ್ಚಿ, ಸಂದಿಗೆ ಜೇಡಿಮಣ್ಣು ಮೆತ್ತಿ ಬಂದೆ. ಒಲೆ ಹಚ್ಚುವ ಕೆಲಸ ಇಲ್ಲದ ದಿನ ಬೆಳಗು ಎಳೆದಷ್ಟೂ ಉದ್ದವಾಗುತ್ತದೆ. ಹಾಗಾಗಿ ಬರೆಯಲು ಕೂತೆ. ಉಪವಾಸದ ದಿನ ಸುಳ್ಳು ಬರೆಯಲು ಕೈ ಅಂಜುತ್ತದೆ, ಅದಕ್ಕೂ ಈ ದಿನವೇ ಒಳ್ಳೆಯದು ಎನ್ನಿಸಿತು.

ಕಾಗದದ ಮೇಲೆ ನಿನ್ನನ್ನು ಏನೆಂದು ಕರೆಯಬೇಕು ಎಂದೇ ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ ನಿನ್ನಪ್ಪ ಕರೆಯುತ್ತಿದ್ದ ಹೆಸರನ್ನೇ ಬರೆದೆ. ಅವರು ಹೋಗಿ ವರ್ಷ ಕಳೆಯಿತು, ಆ ಹೆಸರನ್ನು ಕರೆಯುವವರು ಈ ಕಡೆ ಯಾರೂ ಉಳಿದಿಲ್ಲ. ತಪ್ಪು ತಿಳಿಯಬೇಡ.

ನಿನ್ನೆ ಉಪ್ಪು ತುಂಬಲು ಬಂದ ಲಾರಿಯವರು ನಿನ್ನ ಮಾತು ತಂದರು. "ಚಿಕ್ಕಮ್ಮಂಗೆ ಹೇಳಿ, ಬರೋದಾದ್ರೆ ಈ ತಿಂಗಳಲ್ಲಿ ಬರ್ಲಿ. ಇಲ್ಲಾಂದ್ರೆ ಆ ಕೋಣೆನ ಬಾಡಿಗೆಗೆ ಕೊಡ್ತೀವಿ. ಇನ್ನು ನಾನು ಕರೆಯಲ್ಲ." ಅವರು ಒಂದಕ್ಕೆ ಎರಡು ಸೇರಿಸಿ ಹೇಳುವ ಮನುಷ್ಯ, ನಿನಗೂ ಗೊತ್ತು. ಆದರೂ ಕೊನೆಯ ಮಾತು ನಿನ್ನದೇ ಎಂದು ನನಗೆ ಖಾತರಿಯಾಯಿತು. ಚಿಕ್ಕವಳಿದ್ದಾಗಲೂ ನೀನು ಹಾಗೆಯೇ. ಹೇಳುವುದನ್ನು ಹೇಳಿ ಬಾಗಿಲು ಹಾಕಿಕೊಳ್ಳುವವಳು. "ಚಿಕ್ಕಮ್ಮ" ಎಂದೇ ಹೇಳಿಕಳಿಸಿದ್ದೀಯ, ಅದನ್ನೂ ಗಮನಿಸಿದೆ.

ನಿನ್ನ ಮನೆಯಿಂದ ನಿನಗೆ ಹೇಳದೆ ಎದ್ದು ಬಂದೆ. ನೀನು ಹೊರಗಿನವರೆದುರು ನನ್ನನ್ನು ಅಮ್ಮ ಎಂದದ್ದು ನನಗೆ ಹಿಡಿಸಲಿಲ್ಲ ಎಂದು ತಿಳಿದಿದ್ದೀಯ. ಅದು ಹಾಗಲ್ಲ. ಹೇಗೆ ಎಂದು ಹೇಳಲು ಅಲ್ಲಿ ನನಗೆ ಮಾತು ಸಿಗಲಿಲ್ಲ. ಇಲ್ಲಿ ಬಂದ ಮೇಲೆ, ಹನಿ ಮೇಡಂ ಅವರ ಗಾಜಿನಲ್ಲಿ ಸಿಕ್ಕಿತು.

ಹನಿ ಮೇಡಂ ಯಾರೆಂದು ನಿನಗೆ ಗೊತ್ತಿಲ್ಲ. ನಮ್ಮ ಉಪ್ಪಿನ ಆಗರಕ್ಕೆ ಹೋದ ವರ್ಷ ಬಂದವರು, ತೂಕದ ಕಟ್ಟೆಯ ಪಕ್ಕದ ಪರೀಕ್ಷೆ ಕೋಣೆಯಲ್ಲಿ ಇರುತ್ತಾರೆ. ಯಾವ ಪಾತಿಗೆ ಹೋದರೂ "ಅಮ್ಮಾ, ಒಂದು ಹನಿ ಕೊಡಿ" ಎಂದು ಸಣ್ಣ ಶೀಷೆ ಚಾಚುವುದರಿಂದ ಆ ಹೆಸರು. ನಿನ್ನ ಯಜಮಾನರು ಪಾತಿಗೆ ಸ್ನಾನ ಮಾಡಿಸಿದ ದಿನ ಕೊಡೆ ಹಿಡಿದು ಓಡಿಬಂದರಲ್ಲ, ಅವರೇ.

ಆ ದಿನ ನೆನೆದರೆ ಈಗಲೂ ನಗು ಬರುತ್ತದೆ. ನೀವಿಬ್ಬರೂ ನನ್ನನ್ನು ಕರೆದೊಯ್ಯಲು ಬಂದಿದ್ದಿರಿ. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ, ನೀನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದೆ. ಅಳಿಯಂದಿರು ಸುಮ್ಮನೆ ಕೂರುವ ಪೈಕಿಯೇ? ನಲ್ಲಿ ಕೆಲಸದವರು, ಚಕ್ರ ಕಂಡರೆ ತಿರುಗಿಸಬೇಕು. ಕೊನೆಯ ಪಾತಿಯ ನೀರು ಕೆಂಪಗೆ, ಮಂದವಾಗಿ ನಿಂತದ್ದು ಕಂಡು, ಇದು ಕೊಳೆತಿದೆ ಎಂದುಕೊಂಡು, ನಾವು ಕೈಕಾಲು ತೊಳೆಯುವ ಸಿಹಿನೀರಿನ ಕೊಳವೆಯನ್ನು ಎಳೆದು ಪಾತಿಗೆ ಬಿಟ್ಟುಬಿಟ್ಟರು. ಮೇಸ್ತ್ರಿ ದೂರದಿಂದಲೇ ಕೂಗಿದರು, "ಯಾರ್ರೀ ಅದು, ನಮ್ಮ ಪಾತಿಗೆ ಎಣ್ಣೆ ಸೀಗೆಕಾಯಿನೂ ಹಾಕ್ತೀರೋ ಹ್ಯಾಗೆ?" ಅಳಿಯಂದಿರು, "ಕ್ಲೀನ್ ಮಾಡ್ತಿದ್ದೆ ಸಾರ್, ನೀರು ಕೆಟ್ಟೋಗಿದೆ" ಎಂದರು. "ಕೆಟ್ಟಿಲ್ಲ ಮಾರಾಯ್ರೇ, ಅದು ಹಣ್ಣಾಗಿದೆ. ಆ ಬಣ್ಣ ಹೋದ್ರೆ ನೀರು ಬಿಸಿಲು ಹೀರಲ್ಲ, ಬಿಸಿಲು ಹೀರದಿದ್ರೆ ಉಪ್ಪು ಕೂರಲ್ಲ" ಎಂದು ಮೇಸ್ತ್ರಿ ತಲೆ ಮೇಲೆ ಕೈ ಇಟ್ಟುಕೊಂಡರು. ಅಷ್ಟರಲ್ಲಿ ಆ ಮೂಲೆ ತೊಳೆದ ರಕ್ತದ ಹಾಗೆ ಪೇಲವವಾಗಿ ಹೋಗಿತ್ತು. ಅಳಿಯಂದಿರ ಮುಖ ಅದಕ್ಕಿಂತ ಪೇಲವ. ಪಾಪ, ಒಳ್ಳೆಯದು ಮಾಡಲು ಹೋಗಿದ್ದರು. ನಾನು ಅವರ ಪರವಾಗಿ ಕೈ ಮುಗಿದು, ನಿಮ್ಮ ಜೊತೆ ಬಸ್ಸು ಹತ್ತಿದೆ.

ನಿನ್ನ ಮನೆಯಲ್ಲಿ ನನಗೆ ಏನೂ ಕಡಿಮೆಯಾಗಲಿಲ್ಲ ಗುಬ್ಬಿ. ಮಂಚಕ್ಕೆ ಹೊಸ ಹಾಸು, ಕಿಟಕಿಗೆ ಪರದೆ. "ಫ್ಯಾನು ಜಾಸ್ತಿ ಆಯ್ತಾ?" "ಹಾಲು ಬಿಸಿ ಮಾಡ್ಲಾ?" "ದಿಂಬು ಎತ್ತರ ಆಯ್ತಾ?" ಗಳಿಗೆಗೊಮ್ಮೆ ನೀನು ಬಾಗಿಲಲ್ಲಿ. ಮೊಮ್ಮಗಳು ನನ್ನ ಅಂಗೈ ಬಿಡಿಸಿ ತನ್ನ ಕೆನ್ನೆಗೆ ಉಜ್ಜಿಕೊಂಡು, "ಅಮ್ಮಾ, ಅಜ್ಜಿ ಕೈ ಅಪ್ಪನ ಉಪ್ಪುಕಾಗದದ ಥರ ಇದೆ, ಪೈಪ್ ತಿಕ್ಬಹುದು" ಎಂದಳು. ನೀನು ಗದರಿದೆ. ಗದರಬಾರದಿತ್ತು, ನನಗೆ ಅದೊಂದು ಮಾತೇ ಉಸಿರಾಡಿದ ಹಾಗಿತ್ತು. ರಾತ್ರಿ ಅವಳು ನನ್ನ ಬೆರಳು ಹಿಡಿದು ಮಲಗಿದರೆ ನಾನು ಮಗ್ಗುಲು ಬದಲಿಸದೆ ಬಿದ್ದಿರುತ್ತಿದ್ದೆ.

ಆಮೇಲೆ ಆ ಮಧ್ಯಾಹ್ನ. ಮಹಡಿಯ ಮೇಲೆ ನೀನು ಬಟ್ಟೆ ಒಣಹಾಕುತ್ತಿದ್ದೆ, ನಾನು ಕ್ಲಿಪ್ಪು ಎತ್ತಿಕೊಡುತ್ತಿದ್ದೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಯಾರಿವ್ರು, ಊರಿಂದ ಬಂದಿದ್ದಾರಾ?" ಎಂದು ಕೇಳಿದರು. ನೀನು ಬಟ್ಟೆ ಕೊಡವುತ್ತಲೇ, ತಿರುಗದೆ, "ನಮ್ಮಮ್ಮ" ಎಂದೆ. ಹಿಂದೆಯೇ ನನ್ನ ಕಡೆ ನೋಡಿ, "ಬಿಸಿಲಿದೆ ಅಮ್ಮ, ನೀನು ಒಳಗೆ ಹೋಗು" ಎಂದೆ. ನನಗೆ "ನೀನು" ಎಂದೆ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ನೀನು ನನಗೆ "ನೀವು" ಎಂದೇ ಹೇಳಿದವಳು. ಅಪ್ಪನಿಗೆ ನೀನು, ನಾಯಿಗೆ ನೀನು, ದೇವರಿಗೂ ನೀನು, ನನಗೊಬ್ಬಳಿಗೆ ನೀವು.

ಒಳಗೆ ಹೋಗಿ ಮಂಚದ ಅಂಚಿನಲ್ಲಿ ಕೂತೆ. ಸಂತೋಷವೋ ದುಃಖವೋ ಎಂದು ಕೇಳಿದರೆ ಎರಡೂ ಅಲ್ಲ. ಎದೆಯೊಳಗೆ ಏನೋ ನುಗ್ಗಿ ನುಗ್ಗಿ ಬರುತ್ತಿದೆ, ಅದನ್ನು ಹಿಡಿಯಲು ಚರ್ಮ ಸಾಲುತ್ತಿಲ್ಲ ಎಂಬ ಹಾಗೆ. ದೇವರ ಹೆಸರು ಹೇಳಲು ಹೋದೆ, ನಾಲಿಗೆ ಹೊರಳಲಿಲ್ಲ. ಮಾರನೆಯ ಬೆಳಿಗ್ಗೆ ನೀನು ಮಗಳನ್ನು ಶಾಲೆಗೆ ಬಿಡಲು ಹೋದಾಗ ಚೀಲ ಎತ್ತಿಕೊಂಡೆ. ಅಳಿಯಂದಿರು ಅಡುಗೆಮನೆಯ ತೊಟ್ಟಿಯ ಕೆಳಗೆ ತಲೆ ತೂರಿಸಿ ಏನೋ ಬಿಗಿಯುತ್ತಿದ್ದರು. "ಹೊರಟೆ" ಎಂದೆ. ಅಂಗಡಿಗೆ ಎಂದುಕೊಂಡು, ಅಲ್ಲಿಂದಲೇ, "ಬರ್ತಾ ಒಂದು ಬಟ್ಟೆ ಸೋಪು ತನ್ನಿ ಅತ್ತೆ" ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಸೋಪೊಂದೇ ತಲೆಯಲ್ಲಿತ್ತು.

ಇಲ್ಲಿ ಬಂದು ಬೀಗ ತೆಗೆದರೆ ಕೀಲು ತುಕ್ಕಿನಿಂದ ಕಿರುಗುಟ್ಟಿತು. ನಮ್ಮ ಈ ಕೆಲಸಗಾರರ ಸಾಲುಮನೆಯಲ್ಲಿ ಮೊದಲು ಸಂಜೆಯಾದರೆ ಹತ್ತು ಮನೆಯ ಒಲೆ ಹೊಗೆಯಾಡುತ್ತಿತ್ತು. ಈಗ ಗೋರುವುದಕ್ಕೆ ಯಂತ್ರ ಬಂದ ಮೇಲೆ ಜನ ಕಡಿಮೆ. ನನ್ನ ಗೋಡೆಯ ಎರಡೂ ಪಕ್ಕ ಖಾಲಿ. ಲೋಟ ಎರಡು ಇಟ್ಟುಕೊಂಡಿದ್ದೇನೆ, ಒಂದರಲ್ಲೇ ಕುಡಿಯುತ್ತೇನೆ, ಆದರೂ ಎರಡನ್ನೂ ತೊಳೆಯುತ್ತೇನೆ. ಒಂದು ದಿನ ತೂಬಿನ ಹಲಗೆ ಕಚ್ಚಿಕೊಂಡಾಗ "ಸ್ವಲ್ಪ ಏಳಪ್ಪ" ಎಂದೆ. ದನಿ ಕೇಳಿ ಬೆಚ್ಚಿ ಹಿಂದೆ ನೋಡಿದೆ, ಯಾರೋ ಬಂದರೇನೋ ಎಂದು. ನನ್ನದೇ ದನಿ. ಹಿಂದಿನ ದಿನವಿಡೀ ಯಾರೊಡನೆಯೂ ಮಾತಾಡಿರಲಿಲ್ಲ ಎಂದು ಆಗ ನೆನಪಾಯಿತು.

ಆ ದಿನವೇ ಹನಿ ಮೇಡಂ ಶೀಷೆ ಹಿಡಿದು ಬಂದರು. "ನಿಮ್ಮ ಅಳಿಯ ತೊಳೆದ ಪಾತಿ ಹ್ಯಾಗಿದೆ ನೋಡೋಣ ಬನ್ನಿ" ಎಂದು ಕೋಣೆಗೆ ಕರೆದರು. ಅವರಿಗೂ ಇಲ್ಲಿ ಮಾತಿಗೆ ಜನವಿಲ್ಲ ಎಂದು ಕಾಣುತ್ತದೆ. ಮೇಜಿನ ಮೇಲಿನ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಗಾಜಿನ ಯಂತ್ರಕ್ಕೆ ಕಣ್ಣಿಟ್ಟರೆ ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಂಡಿತು ನೋಡು. ನಾನು ಇಷ್ಟು ವರ್ಷ ಬಣ್ಣ ಎಂದುಕೊಂಡಿದ್ದದ್ದು ಬಣ್ಣವಲ್ಲ, ಜೀವ. ಎಳ್ಳಿನ ಸಾವಿರದಲ್ಲೊಂದು ಪಾಲೂ ಇಲ್ಲದ ಕೆಂಪು ಕಡ್ಡಿಗಳು, ಒಂದೊಂದೂ ಒಂದೊಂದು ಜೀವ, ಹನಿ ತುಂಬ. ಉಪ್ಪು ಹಾಕಿದರೆ ಏನೂ ಕೆಡುವುದಿಲ್ಲ, ಯಾಕೆಂದರೆ ಉಪ್ಪಿನಲ್ಲಿ ಯಾವ ಜೀವವೂ ಬದುಕುವುದಿಲ್ಲ ಎಂದು ನಾವು ಕೇಳಿ ಬೆಳೆದವರು. ಇವು ಅದರಲ್ಲೇ ಸಂಸಾರ ಹೂಡಿವೆ.

"ಉಪ್ಪು ತಿಂದವರು ನೀರು ಕುಡೀಲೇಬೇಕು ಅಂತೀರಲ್ಲಮ್ಮ, ಎಲ್ಲ ಅಷ್ಟೇ" ಎಂದರು ಮೇಡಂ. ಉಪ್ಪು ಎಲ್ಲಿ ಜಾಸ್ತಿಯೋ ನೀರು ಆ ಕಡೆಗೆ ಓಡುತ್ತದಂತೆ. ಒಂದು ಸಣ್ಣ ಜೀವವನ್ನು ಕಡು ಉಪ್ಪುನೀರಿಗೆ ಹಾಕಿದರೆ ಅದರ ಮೈಯ ನೀರೆಲ್ಲ ಹೊರಗೆ ಓಡಿ ಒಣದ್ರಾಕ್ಷಿಯ ಹಾಗೆ ಸುರುಟಿಕೊಳ್ಳುತ್ತದೆ. ಅದಕ್ಕೆ ಈ ಕೆಂಪಿನವು ಒಂದು ಉಪಾಯ ಕಂಡುಕೊಂಡಿವೆ. ಹೊರಗೆ ಎಷ್ಟು ಉಪ್ಪೋ ಒಳಗೂ ಅಷ್ಟೇ ಉಪ್ಪು ತುಂಬಿಕೊಳ್ಳುತ್ತವೆ. ಆಗ ನೀರು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ತುಂಬಿಕೊಂಡು ತುಂಬಿಕೊಂಡು ಅವುಗಳ ಮೈಯೇ ಉಪ್ಪಿಗೆ ಒಗ್ಗಿಹೋಗುತ್ತದೆ. ಹಾಗೆಂದು ಮೇಡಂ ಒಂದು ಕಡ್ಡಿಯ ತುದಿಯಲ್ಲಿ ಸಿಹಿನೀರು ಅದ್ದಿ ಆ ಹನಿಗೆ ಮುಟ್ಟಿಸಿದರು. ನಾನು ನೋಡುತ್ತಿದ್ದ ಹಾಗೇ ಅವು ಉಬ್ಬಿ ದುಂಡಗಾದವು. ಆಮೇಲೆ ಇರಲಿಲ್ಲ. ಸಿಪ್ಪೆಯಂಥದ್ದೇನೋ ತೇಲುತ್ತಿತ್ತು, ಅಷ್ಟೇ.

"ಸಿಹಿನೀರಿಗೇ ಸತ್ತುವಾ?" ಎಂದೆ. "ಸಿಹಿನೀರಿಗೇ" ಎಂದರು.

ನಾನು ಆ ಕುರ್ಚಿಯಿಂದ ಏಳಲಿಲ್ಲ. ನಿನ್ನ ಮಂಚದ ಅಂಚಿನಲ್ಲಿ ಕೂತ ಹಾಗೆಯೇ ಕೂತಿದ್ದೆ.

ನಿನ್ನ ತಾಯಿ ತೀರಿಕೊಂಡ ಮರುವರ್ಷ ನಿನ್ನಪ್ಪ ನನ್ನನ್ನು ಕರೆತಂದಾಗ ನಾನು ಇಪ್ಪತ್ತೈದರ ಹೆಣ್ಣು. ಮೊದಲ ಬೆಳಿಗ್ಗೆ ಬಾಚಣಿಗೆ ಹಿಡಿದು ನಿನ್ನ ಹಿಂದೆ ನಿಂತೆ. ನೀನು ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ನೀವು ಬಿಡಿ, ನಂಗೆ ಬರುತ್ತೆ" ಎಂದೆ. ಬರುತ್ತಿರಲಿಲ್ಲ. ಸೊಟ್ಟ ಬೈತಲೆಯಲ್ಲೇ ಶಾಲೆಗೆ ಹೋದೆ. ಎಷ್ಟೋ ವರ್ಷ ಹಾಗೆಯೇ ಹೋದೆ. "ಬಿಡು, ಅವಳಾಗೇ ಬರ್ತಾಳೆ" ಎನ್ನುತ್ತಿದ್ದರು ನಿನ್ನಪ್ಪ. ನನಗೆ ಸ್ವಂತದ್ದೊಂದು ಮಗುವೂ ಆಗಲಿಲ್ಲ. ಪಾತಿಯಲ್ಲಿ ನನ್ನ ಪಕ್ಕ ಗೋರುತ್ತಿದ್ದ ಹೆಂಗಸೊಬ್ಬಳು ಒಮ್ಮೆ, "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ನಿಂಗೆ ಉಪ್ಪಂತೂ ಬೇಕಾದಷ್ಟಿದೆ ಬಿಡು" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುವುದನ್ನು ಕಲಿತಿದ್ದೆ. ನೀನು ಒಂದು ಮಾತಾಡಿದರೆ ನಾನೂ ಒಂದೇ ಆಡುತ್ತಿದ್ದೆ. ನೀನು ಮುಖ ತಿರುಗಿಸಿದರೆ ನನಗೆ ನೋವಾಗದ ಹಾಗೆ ಅಷ್ಟು ಹೊತ್ತಿಗೆ ನಾನೂ ತಿರುಗಿಸಿರುತ್ತಿದ್ದೆ. ಇದನ್ನು ದೂರಿಗಾಗಿ ಬರೆಯುತ್ತಿಲ್ಲ. ತಾಯಿ ಸತ್ತ ಮಗು ಬೇರೆ ಹೇಗಿರಲು ಸಾಧ್ಯ? ನಾನೂ ಬೇರೆ ಹೇಗೆ ಇದ್ದರೆ ಆ ಮನೆಯಲ್ಲಿ ಉಳಿಯುತ್ತಿದ್ದೆ ಎಂದು ನನಗೆ ಇವತ್ತಿಗೂ ತಿಳಿಯದು. ಉಳಿದೆ. ಒಗ್ಗಿಹೋದೆ. ಅಷ್ಟೇ ವಿಷಯ.

ಹಾಗಾದರೆ ನಾನು ಕೆಂಪಿನ ಜಾತಿಯೇ ಇರಬೇಕು, ಇನ್ನು ನಿನ್ನ ಮನೆಯ ದಾರಿ ನನಗಿಲ್ಲ ಎಂದುಕೊಂಡು ಒಂದಷ್ಟು ದಿನ ಕಳೆದೆ. ದೇವರ ಮುಂದೆ ಕೂತರೆ ಬೇಡಲು ಏನೂ ತೋಚುತ್ತಿರಲಿಲ್ಲ. ದೀಪ ಹಚ್ಚುವುದು, ಎದ್ದುಬರುವುದು.

ಮತ್ತೆ ಮೇಡಂ ಅವರೇ ಕರೆದರು. ಅದೇ ಪಾತಿಯಲ್ಲಿ ಇನ್ನೊಂದು ಜೀವ ಇದೆಯಂತೆ. ಹಸಿರು, ಕೆಲವೊಮ್ಮೆ ಕಿತ್ತಳೆ ಬಣ್ಣ, ಎರಡು ಮೀಸೆ ಆಡಿಸುತ್ತ ಈಜುತ್ತದೆ. ಅದೂ ಇದೇ ಕಡು ಉಪ್ಪಿನಲ್ಲಿ ಇರುವುದು. ಆದರೆ ಅದು ಉಪ್ಪನ್ನು ಒಳಗೆ ತುಂಬಿಕೊಳ್ಳುವುದಿಲ್ಲ. ಹೊರಗೆ ಉಪ್ಪು ಹೆಚ್ಚಾದಷ್ಟೂ ಒಳಗೆ ಅಷ್ಟಷ್ಟೇ ಗ್ಲಿಸರಿನ್ ಮಾಡಿಕೊಳ್ಳುತ್ತದೆ. ನಾವು ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳುತ್ತೇವಲ್ಲ, ನಾಲಿಗೆಗೆ ತಾಗಿದರೆ ಸಿಹಿ, ಅದೇ. ಅಂಗಡಿಯಿಲ್ಲ, ಶೀಷೆಯಿಲ್ಲ, ಬಿಸಿಲನ್ನೇ ಉಂಡು ತನ್ನ ಮೈಯಲ್ಲೇ ಮಾಡಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದಕ್ಕೂ ದೇವರು ಒಂದೊಂದು ಬುದ್ಧಿ ಕೊಟ್ಟು ಕಳಿಸಿದ್ದಾನೆ, ಒಂದಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಕೊಟ್ಟಿಲ್ಲ. ಅದಕ್ಕೆ ಗಟ್ಟಿ ಸಿಪ್ಪೆಯೂ ಇಲ್ಲ. ಸಿಹಿನೀರು ಬಿದ್ದರೆ ಉಬ್ಬುತ್ತದೆ. ಒಮ್ಮೆಗೇ ಸುರಿದರೆ ಇದೂ ಒಡೆದೀತು. ಸ್ವಲ್ಪ ಸ್ವಲ್ಪ ಬಿಟ್ಟರೆ, ಒಳಗಿನ ಸಿಹಿಯನ್ನು ಬೇಕಾದಷ್ಟು ಕರಗಿಸಿಕೊಂಡು, ಮೈ ಸಮ ಮಾಡಿಕೊಂಡು, ಮತ್ತೆ ಮೀಸೆ ಆಡಿಸುತ್ತದೆ. ಒಂದು ಬಟ್ಟಲಿನಲ್ಲಿ ಹಾಗೆ ದಿನಾ ಒಂದಿಷ್ಟು ಸಿಹಿನೀರು ಬಿಟ್ಟು ಇಟ್ಟಿದ್ದರು. ನೋಡಿದೆ. ಆಡುತ್ತಿದ್ದವು.

ನಾನು ನಾಚಿಕೆ ಬಿಟ್ಟು ಕೇಳಿದೆ, "ನೋಡಿದ್ರೆ ಗೊತ್ತಾಗುತ್ತಾ ಮೇಡಂ, ಮನುಷ್ಯರಲ್ಲಿ ಯಾರು ಯಾವುದು ಅಂತ?" ಅವರು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ನನ್ನ ಪುಸ್ತಕದಲ್ಲಿ ಮನುಷ್ಯರ ವಿಷಯ ಇಲ್ಲಮ್ಮ. ಇವನ್ನೇ ಆದ್ರೂ ನೀರಿಗೆ ಬಿಟ್ಟು ನೋಡಿದ್ಮೇಲೇ ಗೊತ್ತಾಗೋದು. ನಿಧಾನಕ್ಕೆ ಬಿಡಬೇಕು ಅಷ್ಟೆ."

ಬರುವಾಗ ಕೇಳಿದೆ, ಸಿಹಿನೀರಿನಲ್ಲೇ ಹುಟ್ಟಿ ಬೆಳೆದವಕ್ಕೆ ಈ ತಾಪತ್ರಯವೇ ಇಲ್ಲವಲ್ಲ, ಪುಣ್ಯ ಮಾಡಿದವು ಎಂದು. ಅವರು ಕೈಕಾಲು ತೊಳೆಯುವ ತೊಟ್ಟಿಯ ಪಾಚಿನೀರಿನ ಒಂದು ಹನಿ ಇಟ್ಟರು. ಚಪ್ಪಲಿಯ ಅಟ್ಟೆಯಂಥ ಒಂದು ಜೀವ. ಅದರ ಮೈಯಲ್ಲಿ ಒಂದು ಸಣ್ಣ ಗುಳ್ಳೆ ತುಂಬುತ್ತದೆ, ಹಿಂಡಿಕೊಳ್ಳುತ್ತದೆ, ಮತ್ತೆ ತುಂಬುತ್ತದೆ. ಒಳಗೆ ನುಗ್ಗುವ ನೀರನ್ನು ಹೊರಗೆ ಚೆಲ್ಲುತ್ತಲೇ ಇರಬೇಕಂತೆ, ಹಗಲೂ ರಾತ್ರಿ. "ಕೈ ನಿಲ್ಲಿಸಿದ್ರೆ ಇದೂ ಒಡೆಯುತ್ತೆ" ಎಂದರು.

ಆಗ ನನಗೆ ನೀನು ಕಂಡೆ ಗುಬ್ಬಿ. ನಾನು ಅಲ್ಲಿದ್ದಾಗ ಒಂದು ಸಂಜೆ ನೀರಿಗೆಂದು ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತೆ. ನೀನು ಕಪಾಟಿನ ಅಂಚಿಗೆ ಹಣೆ ಒತ್ತಿ ನಿಂತಿದ್ದೆ. ನಲ್ಲಿ ಸುಮ್ಮನೆ ಹರಿಯುತ್ತಿತ್ತು. ಒಂದು ದೀರ್ಘ ಉಸಿರು ಬಿಟ್ಟು, ಮುಖ ತೊಳೆದು, ನಗುಮುಖ ಮಾಡಿಕೊಂಡು ತಿರುಗುವಷ್ಟರಲ್ಲಿ ನಾನು ಹಿಂದೆ ಸರಿದಿದ್ದೆ. "ರಾತ್ರಿಗೆ ಏನು ಮಾಡ್ಲಿ?" ಎನ್ನುತ್ತ ನೀನು ಹೊರಗೆ ಬಂದೆ. ನನ್ನಿಂದಲೇ ನಿನಗೆ ಭಾರವಾಯಿತು ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗೆ ತೋರುವುದಿಲ್ಲ. ನಿನ್ನ ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ. ಗಂಡ ಒಳ್ಳೆಯವರು, ಮಗು ಚೂಟಿ. ಆದರೂ ದಿನವಿಡೀ ಚೆಲ್ಲುತ್ತಲೇ ಇದ್ದೀಯ, ಒಬ್ಬಳೇ. ಅಮ್ಮ ಎಂದು ನೀನು ಕರೆದದ್ದು ನನಗೆ ಏನನ್ನೋ ಕೊಡುವುದಕ್ಕೆ ಎಂದುಕೊಂಡಿದ್ದೆ. ನಿನಗೂ ಏನೋ ಬೇಕಾಗಿತ್ತು ಎಂಬುದು ನನಗೆ ಹೊಳೆಯಲೇ ಇಲ್ಲ. ಕೊಡಲಿಕ್ಕೆ ನನ್ನ ಹತ್ತಿರ ಏನಿದೆ ಎಂದು ಯಾರೂ ಕೇಳಿದವರಿಲ್ಲ, ನನಗೂ ಗೊತ್ತಿಲ್ಲ. ಇದ್ದರೆ ಅದು ನಿನ್ನದೇ.

ಇಷ್ಟು ವರ್ಷದಲ್ಲಿ ನಿನ್ನ ಹತ್ತಿರ ನಾನು ಏನನ್ನೂ ಕೇಳಿದವಳಲ್ಲ. ಈಗ ಕೇಳುತ್ತೇನೆ. ಆ ಕೋಣೆಯನ್ನು ಯಾರಿಗೂ ಕೊಡಬೇಡ.

ನಾನು ಬರುತ್ತೇನೆ. ಒಮ್ಮೆಗೇ ಗಂಟುಮೂಟೆ ಕಟ್ಟಿಕೊಂಡು ಬರಲಾರೆ. ವಾರದ ರಜೆಯ ಹಿಂದಿನ ಸಂಜೆ ಲಾರಿಯಲ್ಲಿ ಬಂದು, ಒಂದು ರಾತ್ರಿ ಇದ್ದು, ಮಾರನೆಯ ದಿನ ಹಿಂದಿರುಗುತ್ತೇನೆ. ಆಮೇಲೆ ಎರಡು ರಾತ್ರಿ. ಆಮೇಲಿನದು ದೇವರಿಗೆ ಬಿಟ್ಟದ್ದು. ನನ್ನನ್ನು ಕೂರಿಸಬೇಡ. ಪಾತ್ರೆ ನನಗೆ ಬಿಡು, ಶಾಲೆ ಇದ್ದ ದಿನ ಮಗುವನ್ನು ಕರೆತರುವುದೂ ನನಗೆ ಬಿಡು, ಆ ಹೊತ್ತು ನೀನು ಕಾಲು ಚಾಚಿ ಮಲಗು. ಮಧ್ಯಾಹ್ನ ಸ್ವಲ್ಪ ಹೊತ್ತು ನಾನು ಬಾಗಿಲು ಹಾಕಿಕೊಂಡರೆ ಸಿಟ್ಟೆಂದು ತಿಳಿಯಬೇಡ, ತಟ್ಟಬೇಡ. ನಾನಾಗಿ ತೆಗೆಯುತ್ತೇನೆ. ಆದರೆ ಮಹಡಿಯ ಮೇಲೆ ನನ್ನನ್ನು ಕರೆದ ಆ ಒಂದು ಮಾತನ್ನು ಬಿಟ್ಟುಬಿಡಬೇಡ. ದಿನಕ್ಕೆ ಒಂದು ಸಲ ಸಾಕು, ಮೊದಮೊದಲು. ಮಿಕ್ಕ ಹೊತ್ತು ನೀವು ಎನ್ನು, ಚಿಕ್ಕಮ್ಮ ಎನ್ನು, ನಡೆಯುತ್ತದೆ. ನಾನು ಮತ್ತೆ ಎದ್ದು ಓಡಿದರೆ ಒಂದು ಸಲ ಕ್ಷಮಿಸಿ ಮತ್ತೆ ಕರೆ. ಓಡುವುದಿಲ್ಲ ಎಂದು ಉಪವಾಸದ ದಿನ ಆಣೆ ಇಡಲಾರೆ.

ಇದು ಸರಿ ಎನ್ನಿಸದಿದ್ದರೆ, ಅರ್ಧಂಬರ್ಧ ಬರುವವಳು ನನಗೆ ಬೇಡ ಎನ್ನಿಸಿದರೆ, ಅದನ್ನೂ ಹೇಳು. ನನಗೆ ಅರ್ಥವಾಗುತ್ತದೆ. ಬಾಡಿಗೆಗೆ ಬರುವವರಿಗೆ ಕಿಟಕಿಯ ಚಿಲಕ ಬಿಗಿ ಇದೆಯೆಂದು ತಿಳಿಸು.

ನಿನ್ನ ಮನೆ ತಣ್ಣಗಿರಲಿ. ಮಗುವಿನ ತಲೆ ಕಾಯಲಿ ಆ ದೇವರು. ಅಳಿಯಂದಿರ ಕೈ ಬಿಡುವಿಲ್ಲದಷ್ಟು ಕೆಲಸ ಬರಲಿ. ನಿನ್ನ ಹಣೆಗೆ ಒರಗಲು ಕಪಾಟಿನ ಅಂಚಿಗಿಂತ ಮೆತ್ತಗಿನದು ಏನಾದರೂ ಸಿಗಲಿ ಎಂದು ಇವತ್ತು ಬೇಡಿಕೊಂಡಿದ್ದೇನೆ. ಬೇಡಲು ಏನೋ ಒಂದು ತೋಚಿತಲ್ಲ, ಅಷ್ಟಕ್ಕೇ ಈ ಉಪವಾಸ ಸಾರ್ಥಕ.

ಇಲ್ಲಿಗೆ ನಿಲ್ಲಿಸುತ್ತೇನೆ,
ನಿನ್ನ ಚಿಕ್ಕಮ್ಮ
(ಇನ್ನೊಂದನ್ನು ಬರೆಯಲು ಕೈ ಇನ್ನೂ ಬರುತ್ತಿಲ್ಲ.)

ಕಾಗದದ ಮಡಿಕೆಯ ಹೊರಗೆ, ಲಾರಿಯವರಿಗೆ:
ಅಣ್ಣಾ, ಇದನ್ನು ಅವಳ ಕೈಗೇ ಕೊಡಿ, ಬಾಗಿಲ ಸಂದಿಗೆ ಸಿಕ್ಕಿಸಬೇಡಿ. ಅವಳು ಓದಿ ಮುಗಿಸುವ ತನಕ ಇಂಜಿನ್ ಆರಿಸಿ ಕಾಯಿರಿ. ಏನು ಬರೆದುಕೊಟ್ಟರೂ, ಒಂದೇ ಅಕ್ಷರವಾದರೂ, ತನ್ನಿ. ಏನೂ ಕೊಡದಿದ್ದರೆ ಮುಂದಿನ ಸರ್ತಿ ಹೋದಾಗ ಮತ್ತೊಮ್ಮೆ ಕೇಳಿ ತನ್ನಿ. ನಾನು ತೂಬಿನ ಹತ್ತಿರವೇ ಇರುತ್ತೇನೆ.